ಹದಿನೇಳು ತಾಸಿನ ಲೆಕ್ಕ



ದೂರವನ್ನು ವೇಗದಿಂದ ಭಾಗಿಸಿದರೆ ಕಾಲ ದೊರೆಯುತ್ತದೆ. ಈ ಸೂತ್ರವನ್ನು ನಾವು ಮೂವತ್ತು ವರ್ಷಗಳಿಂದ ಕರಿಹಲಗೆಯ ಮೇಲೆ ಬರೆಯುತ್ತ ಬಂದಿದ್ದೇವೆ. ರೈಲುಗಾಡಿಯೊಂದು ತಾಸಿಗೆ ಅರವತ್ತು ಕಿಲೋಮೀಟರ್ ವೇಗದಿಂದ ಓಡಿದರೆ ಮುನ್ನೂರು ಕಿಲೋಮೀಟರ್ ದೂರದ ಊರನ್ನು ಎಷ್ಟು ತಾಸಿನಲ್ಲಿ ಮುಟ್ಟುವುದೆಂದು ಕೇಳುತ್ತೇವೆ. ಮಕ್ಕಳು ಐದು ತಾಸು ಎನ್ನುತ್ತಾರೆ. ನಾವು ಸರಿಯೆಂದು ಕೆಂಪು ಗುರುತು ಹಾಕುತ್ತೇವೆ. ಆ ಗಾಡಿಯಲ್ಲಿ ಕುಳಿತವನು ತನ್ನ ಮನೆಯ ಹೊಸ್ತಿಲನ್ನು ಎಷ್ಟು ಹೊತ್ತಿಗೆ ದಾಟಿದನೆಂಬುದನ್ನು ಪಠ್ಯಪುಸ್ತಕ ಕೇಳುವುದಿಲ್ಲ, ನಾವೂ ಕೇಳಿದವರಲ್ಲ. ಕೇಳದೆ ಇದ್ದುದರಿಂದ ಒಂದು ಮನೆಗೆ ನಮ್ಮಿಂದಾದ ಅನ್ಯಾಯವನ್ನು ಈ ತಿಂಗಳು ಹೇಳಿಕೊಳ್ಳಬೇಕಾಗಿದೆ. ಮನಸ್ಸನ್ನು ಹಗುರ ಮಾಡಿಕೊಳ್ಳಬೇಕೆಂದಲ್ಲ. ಗಡಹಿಂಗ್ಲಜದ ಸುತ್ತಲಿನ ನಮ್ಮ ಊರುಗಳಲ್ಲಿ ಮಗನನ್ನೋ ಮಗಳನ್ನೋ ಸಮುದ್ರದಾಚೆ ಕಳಿಸಿದ ಮನೆಗಳು ಈಗ ಬೆರಳೆಣಿಕೆಯವಲ್ಲ. ನಮ್ಮ ತಪ್ಪು ಇನ್ನೊಂದು ಮನೆಯಲ್ಲಿ ಮರುಕಳಿಸದಿರಲಿ ಎಂಬುದೇ ಉದ್ದೇಶ.

ಕೆಲವು ವರ್ಷಗಳ ಕೆಳಗೆ, ಡಿಸೆಂಬರ್ ತಿಂಗಳ ಒಂದು ಮಂಗಳವಾರ ಸಂಜೆ ಆರು ಗಂಟೆಗೆ, ನಮ್ಮ ನೆರೆಯ ಹಿರಿಯರೊಬ್ಬರು ಲಿಂಗೈಕ್ಯರಾದರು. ಹಿರಣ್ಯಕೇಶಿಯ ದಂಡೆಯಲ್ಲಿ ಕಬ್ಬು ಬೆಳೆದು ಮಕ್ಕಳನ್ನು ಓದಿಸಿದ ಮನೆತನ ಅದು. ಹೆಣ್ಣುಮಕ್ಕಳಿಬ್ಬರನ್ನು ಹುಕ್ಕೇರಿಗೂ ನಿಪ್ಪಾಣಿಗೂ ಕೊಟ್ಟಿದ್ದರು. ಒಬ್ಬನೇ ಮಗ. ಅವನು ಏಳನೆಯ ಇಯತ್ತೆಯವರೆಗೆ ನಮ್ಮ ಕನ್ನಡ ಶಾಲೆಯಲ್ಲಿ, ಮಹಾರಾಷ್ಟ್ರದ ಬಾಲಭಾರತಿ ಹೊರತರುವ ಕನ್ನಡ ಪುಸ್ತಕಗಳನ್ನೇ ಓದಿ, ಮುಂದೆ ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನ ನೌಕರಿ ಹಿಡಿದು, ಅಲ್ಲಿಂದ ಅಮೆರಿಕೆಗೆ ತೆರಳಿ ಸ್ಯಾನ್ ಫ್ರಾನ್ಸಿಸ್ಕೋ ಸಮೀಪದ ಊರೊಂದರಲ್ಲಿ ನೆಲೆಸಿದ್ದವನು. ಸುದ್ದಿಯನ್ನು ಕೂಡಲೇ ಅವನಿಗೆ ಮುಟ್ಟಿಸಿದರು. ‘ಹೊರಟೆ’ ಎಂದಷ್ಟೇ ಹೇಳಿ ಅವನು ಫೋನ್ ಇಟ್ಟನಂತೆ.

ಅಂಗಳದಲ್ಲಿ ಕುಳಿತವರೆಲ್ಲರ ಮುಂದೆ ಆಗ ಇದ್ದುದು ಒಂದೇ ಪ್ರಶ್ನೆ: ಮಗ ಮಣ್ಣಿಗೆ ಸಿಗುತ್ತಾನೆಯೇ? ಸಿಗುವುದಾದರೆ ಕಾಯೋಣ; ಸಿಗದಿದ್ದರೆ ನಾಳೆ ಮಧ್ಯಾಹ್ನವೇ ಕಾರ್ಯ ಮುಗಿಸೋಣ. ಯಾರೋ ಒಬ್ಬರು, ‘ಅಲ್ಲಿಂದ ಬೆಂಗಳೂರಿಗೆ ನೇರ ವಿಮಾನವಿದೆ, ಹದಿನೇಳು ತಾಸು ಎಂದು ಮಾಸ್ತರರೇ ಶಾಲೆಯಲ್ಲಿ ಹೇಳಿದ್ದಾರಲ್ಲ’ ಎಂದರು. ಎಲ್ಲರೂ ನಮ್ಮತ್ತ ನೋಡಿದರು. ನಾವು ಜೇಬಿನಿಂದ ಪೆನ್ನು ತೆಗೆದು, ಸಕ್ಕರೆ ಕಾರ್ಖಾನೆಯ ಹಳೆಯ ಚೀಟಿಯೊಂದರ ಹಿಂಬದಿಯಲ್ಲಿ ಲೆಕ್ಕ ಬರೆದೆವು. ತಿಕೀಟು ದೊರಕಿಸಿ ವಿಮಾನ ಹತ್ತಲು ಹನ್ನೊಂದು ತಾಸು; ಎಂದರೆ ನಮ್ಮ ಬುಧವಾರ ಬೆಳಗಿನ ಐದು ಗಂಟೆ. ಅದಕ್ಕೆ ಹದಿನೇಳು ತಾಸು ಕೂಡಿಸಿದರೆ ಬುಧವಾರ ರಾತ್ರಿ ಹತ್ತಕ್ಕೆ ಬೆಂಗಳೂರು. ಅಲ್ಲಿಂದ ಮೋಟಾರಿನಲ್ಲಿ ಹತ್ತು ತಾಸು. ಗುರುವಾರ ಬೆಳಿಗ್ಗೆ ಎಂಟಕ್ಕೆ ಮಗ ಬಾಗಿಲಲ್ಲಿರುತ್ತಾನೆ ಎಂದು ಘೋಷಿಸಿದೆವು. ಮಾಸ್ತರರ ಲೆಕ್ಕವೆಂದ ಮೇಲೆ ಅದಕ್ಕೆ ಎದುರು ಮಾತೆಲ್ಲಿ? ಗಡಹಿಂಗ್ಲಜದಿಂದ ಶೀತಪೆಟ್ಟಿಗೆಯನ್ನು ಗುರುವಾರ ಬೆಳಗಿನವರೆಗೆ ಬಾಡಿಗೆಗೆ ತರಿಸಿದರು. ಸಂಕೇಶ್ವರ, ನಿಪ್ಪಾಣಿ, ಹುಕ್ಕೇರಿಗಳ ಬೀಗರಿಗೆ ‘ಗುರುವಾರ ಹನ್ನೊಂದು ಗಂಟೆಗೆ ಮಣ್ಣು’ ಎಂದು ತಿಳಿಸಿದರು.

ಬುಧವಾರ ರಾತ್ರಿ ಒಂಬತ್ತೂವರೆಗೆ ಮಗನಿಂದ ಒಂದೇ ಶಬ್ದದ ಸಂದೇಶ ಬಂದಿತು: ‘ಇಳಿದೆ.’ ನಮ್ಮ ಲೆಕ್ಕಕ್ಕಿಂತ ಅರ್ಧ ತಾಸು ಮೊದಲೇ! ನಮಗೆ ಒಳಗೊಳಗೇ ಹೆಮ್ಮೆಯೆನಿಸಿದ್ದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ. ಎಲ್ಲಿ ಇಳಿದೆಯೆಂದು ಯಾರೂ ಕೇಳಲಿಲ್ಲ. ಗುರುವಾರ ಬೆಳಿಗ್ಗೆ ಏಳಕ್ಕೆ ಫೋನ್ ಬಂದಾಗ ತಿಳಿಯಿತು, ಅವನು ರಾತ್ರಿ ಇಳಿದದ್ದು ದುಬೈಯಲ್ಲಿ. ಬೆಂಗಳೂರಿಗೆ ಬಂದಿಳಿದದ್ದು ಈಗ ಆರೂವರೆಗೆ. ಬೆಂಗಳೂರಿನ ನೇರ ವಿಮಾನ ವಾರದ ಎಲ್ಲ ದಿನಗಳಲ್ಲಿ ಇರುವಂಥದಾಗಿರಲಿಲ್ಲ; ಅವನು ಹೊರಡಬೇಕಾದ ದಿನ ಅದು ಇರಲಿಲ್ಲ. ದೊರೆತ ಮೊದಲ ವಿಮಾನ ಹತ್ತಿದ್ದ. ದುಬೈವರೆಗೆ ಹದಿನಾರು ತಾಸು, ಅಲ್ಲಿ ಐದು ತಾಸು ಕಾಯುವಿಕೆ, ಅಲ್ಲಿಂದ ಬೆಂಗಳೂರಿಗೆ ನಾಲ್ಕು ತಾಸು. ಬೆಳಗಾವಿಯ ವಿಮಾನದಲ್ಲಿ ಆಸನ ದೊರೆಯಲಿಲ್ಲ. ಮೋಟಾರಿನಲ್ಲಿ ಹೊರಟಾಗ ಗಂಟೆ ಎಂಟಾಗಿತ್ತು. ಇತ್ತ ಶೀತಪೆಟ್ಟಿಗೆಗಾಗಿ ಇನ್ನೊಂದು ಊರಿನ ಮನೆಯವರು ಬಂದು ನಿಂತಿದ್ದರು. ನಾಲ್ಕೂ ದಿಕ್ಕಿನ ಬೀಗರು ಬಂದು ಸೇರಿದ್ದರು. ಹಿರಿಯರು ಕೂಡಿ ಮಾತಾಡಿ, ಎರಡು ರಾತ್ರಿ ಕಳೆದವು, ಇನ್ನು ತಡೆಯಲಾಗದು ಎಂದು ನಿರ್ಣಯಿಸಿದರು. ಹನ್ನೊಂದಕ್ಕೆ ಮಣ್ಣು ಕೊಟ್ಟೆವು. ಮಗ ಬಂದದ್ದು ಸಂಜೆ ಆರಕ್ಕೆ, ದೀಪ ಹಚ್ಚುವ ಹೊತ್ತಿಗೆ.

ಸತ್ತವರ ಹೆಂಡತಿ, ಎಪ್ಪತ್ತು ದಾಟಿದ ತಾಯಿ, ನಮ್ಮನ್ನು ಕಂಡು, ‘ಹದಿನೇಳು ತಾಸು ಅಂದಿದ್ರೆಲ್ಲಾ ಮಾಸ್ತರ’ ಎಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ಎಲ್ಲಿ ಕೆಟ್ಟಿತೆಂದು ತಿಳಿಯಬಯಸುವ ಶಿಷ್ಯೆಯ ದನಿಯಲ್ಲಿ ಕೇಳಿದರು. ನಮ್ಮಲ್ಲಿ ಆಗ ಉತ್ತರವಿರಲಿಲ್ಲ. ಈ ಲೇಖನ ಆ ತಾಯಿಗೆ ಕೊಡಬೇಕಾಗಿದ್ದ ಉತ್ತರ.

ಹಾಗಾದರೆ ಹದಿನೇಳು ತಾಸೆಂಬುದು ಸುಳ್ಳೇ? ಅಲ್ಲ. ಅದು ತನ್ನ ಮಟ್ಟಿಗೆ ಪೂರ್ಣ ನಿಜವಾದ ಸಂಖ್ಯೆ. ಏರ್ ಇಂಡಿಯಾದ ವಿಮಾನವೊಂದು 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟು, ನಡುವೆ ಎಲ್ಲಿಯೂ ನೆಲ ಮುಟ್ಟದೆ, ಸುಮಾರು ಹದಿನೇಳು ತಾಸು ಹಾರಿ, 11ರ ಬೆಳಗಿನ ಜಾವ ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ಇಳಿಯಿತು. ಆ ಎರಡು ನಗರಗಳ ನಡುವಿನ ಮೊದಲ ನೇರ ಸಂಚಾರವದು. ನಡೆಸಿದವರು ಜೋಯಾ ಅಗರ್ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ, ಶಿವಾನಿ ಮನ್ಹಾಸ್ ಎಂಬ ನಾಲ್ವರು ಮಹಿಳಾ ಚಾಲಕರು. ಅವರು ಉತ್ತರ ಧ್ರುವದ ಮೇಲಿನಿಂದ ಹಾದು ಬಂದರು. ಮುಂದೆ ಶಾಲೆಗಳು ತೆರೆದ ಮೇಲೆ ನಾವು ಆ ಸುದ್ದಿಯನ್ನು ವಾರ್ತಾಫಲಕಕ್ಕೆ ಹಚ್ಚಿ ಹೆಣ್ಣುಮಕ್ಕಳನ್ನು ಎದುರಿಗೆ ನಿಲ್ಲಿಸಿ ಓದಿಸಿದ್ದೆವು. ಊರಿನವರ ಬಾಯಲ್ಲಿ ಹದಿನೇಳು ತಾಸು ಉಳಿದದ್ದು ಹೀಗೆ.

ಆ ದಿನ ಮಕ್ಕಳು ಒಂದು ಒಳ್ಳೆಯ ಪ್ರಶ್ನೆ ಕೇಳಿದ್ದರು. ಅಮೆರಿಕ ಗೋಡೆಯ ನಕಾಶೆಯಲ್ಲಿ ಎಡಗಡೆಯ ಕೊನೆಗಿದೆ. ಅರಬಿ ದೇಶ, ಯುರೋಪು, ಅಟ್ಲಾಂಟಿಕ್ ದಾಟಿ ಹೋಗಬೇಕಾದವರು ಮಂಜುಗಡ್ಡೆಯ ಮೇಲೇಕೆ ಹೋದರು? ಶಿಕ್ಷಕ ತರಬೇತಿಯ ದಿನಗಳಲ್ಲಿ, ಭೂಗೋಲವಿಲ್ಲದ ಶಾಲೆಯಲ್ಲಿ ಮಣ್ಣಿನ ಗಡಿಗೆಯನ್ನೇ ಭೂಗೋಲವಾಗಿಸುವ ಉಪಾಯವನ್ನು ನಮಗೆ ಕಲಿಸಿದ್ದರು. ಅದನ್ನೇ ಮಾಡಿ ತೋರಿಸಿದೆವು. ದುಂಡನೆಯ ಗಡಿಗೆಯನ್ನು ಬೋರಲು ಹಾಕಿ, ಬುಡದ ನಡುವಿಗೆ ಉತ್ತರ ಧ್ರುವವೆಂದು ಸುಣ್ಣದ ಬೊಟ್ಟಿಡಬೇಕು. ಬೆಂಗಳೂರು ಪೂರ್ವ ರೇಖಾಂಶ 77½ರಲ್ಲಿದೆ, ಸ್ಯಾನ್ ಫ್ರಾನ್ಸಿಸ್ಕೋ ಪಶ್ಚಿಮ ರೇಖಾಂಶ 122½ರಲ್ಲಿದೆ. ಕೂಡಿಸಿದರೆ 200 ಅಂಶ. ಗಡಿಗೆಯ ಸರಿಯಾದ ಎದುರು ಬದಿ 180 ಅಂಶವಾದ್ದರಿಂದ ಇವೆರಡೂ ಹೆಚ್ಚುಕಡಿಮೆ ಒಂದಕ್ಕೊಂದು ಬೆನ್ನು ಮಾಡಿ ಕುಳಿತ ಊರುಗಳು. ಎರಡೂ ಬೊಟ್ಟುಗಳ ನಡುವೆ ನೂಲೊಂದನ್ನು ಬಿಗಿಯಾಗಿ ಎಳೆದು ನೋಡಿರಿ. ಅದು ಹೊಟ್ಟೆಯ ಸುತ್ತ ನಿಲ್ಲದೆ ತಾನಾಗಿ ಜಾರಿ ಮೇಲಕ್ಕೆ, ಬುಡದ ಕಡೆಗೆ ಏರುತ್ತದೆ. ಗೋಲದ ಮೇಲೆ ಅತ್ಯಂತ ಹತ್ತಿರದ ದಾರಿ ಅದೇ.

ಆ ನೂಲಿನ ಉದ್ದ ಭೂಮಿಯ ಮೇಲೆ ಸುಮಾರು 14,000 ಕಿಲೋಮೀಟರ್. ಭೂಮಿಯ ಸುತ್ತಳತೆ 40,000 ಕಿಲೋಮೀಟರ್ ಆಗಿರುವುದರಿಂದ ಯಾವುದೇ ಎರಡು ಊರುಗಳ ನಡುವಿನ ನೇರ ದೂರ 20,000ವನ್ನು ಮೀರಲಾರದು. ಅಂದಮೇಲೆ ನಮ್ಮ ಮಕ್ಕಳು ಇರುವುದು ಹೋಗಬಹುದಾದ ದೂರದ ಹತ್ತರಲ್ಲಿ ಏಳು ಪಾಲು ದೂರದಲ್ಲಿ. ವಿಮಾನದ ವೇಗ ತಾಸಿಗೆ ಸುಮಾರು 900 ಕಿಲೋಮೀಟರ್. ನಮ್ಮ ಸೂತ್ರದಂತೆ ಭಾಗಿಸಿದರೆ ಹದಿನೈದೂವರೆ ತಾಸು ಬರುತ್ತದೆ, ಹದಿನೇಳಲ್ಲ. ಉಳಿದದ್ದು ಎಲ್ಲಿ ಹೋಯಿತು?

ಮೊದಲನೆಯದಾಗಿ, ಆಕಾಶದಲ್ಲಿಯೂ ನೇರ ದಾರಿ ಸದಾ ನಡೆಯಬಲ್ಲ ದಾರಿಯಲ್ಲ. ನೂಲು ತೋರಿಸುವ ಹಾದಿ ಅಲಾಸ್ಕ, ಸೈಬೀರಿಯ, ಚೀನಗಳ ಮೇಲಿನಿಂದ ಬಂದು ಟಿಬೆಟ್ ಹಾಗೂ ಹಿಮಾಲಯಗಳನ್ನು ದಾಟುತ್ತದೆ. ವಿಮಾನದೊಳಗಿನ ಗಾಳಿಯ ಒತ್ತಡ ಅಕಸ್ಮಾತ್ ಕುಸಿದರೆ, ಜನ ಉಸಿರಾಡುವಂತಾಗಲು ಅದು ಮೂರು ಕಿಲೋಮೀಟರ್ ಎತ್ತರಕ್ಕೆ ಬೇಗನೆ ಇಳಿಯಬೇಕು. ಟಿಬೆಟಿನ ನೆಲವೇ ಅದಕ್ಕಿಂತ ಎತ್ತರವಾಗಿರುವಾಗ ಇಳಿಯುವುದೆಲ್ಲಿಗೆ? ಆದ್ದರಿಂದ ಸಾಮಾನ್ಯವಾಗಿ ಆ ದಾರಿಯನ್ನು ತಪ್ಪಿಸುತ್ತಾರೆ. ಎರಡನೆಯದಾಗಿ ಗಾಳಿ. ಒಂಬತ್ತರಿಂದ ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ನದಿಯಂತೆ ಹರಿಯುವ ಬಿರುಗಾಳಿಗಳಿವೆ. ಅವುಗಳ ವೇಗ ಕೆಲವೊಮ್ಮೆ ತಾಸಿಗೆ 200 ಕಿಲೋಮೀಟರನ್ನೂ ಮೀರುತ್ತದೆ. ತುಂಬಿದ ಹಿರಣ್ಯಕೇಶಿಯಲ್ಲಿ ಹರಿವಿನೊಡನೆ ಈಜುವುದಕ್ಕೂ ಎದುರು ಈಜುವುದಕ್ಕೂ ಇರುವ ಭೇದವನ್ನು ನಮ್ಮವರಿಗೆ ಹೇಳಬೇಕಾಗಿಲ್ಲ.

ಹೀಗಾಗಿ ಆಕಾಶದಲ್ಲಿ ಉದ್ದದ ದಾರಿಯೇ ಬೇಗನೆಯ ದಾರಿಯಾಗುವುದುಂಟು. 2016ರ ಅಕ್ಟೋಬರದಲ್ಲಿ ದಿಲ್ಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಸಾಗರದ ಮೇಲಿನಿಂದ ಕಳಿಸಿದರು. ಹಳೆಯ ದಾರಿ 13,900 ಕಿಲೋಮೀಟರ್, ಹೊಸದು 15,300. ಆದರೂ ಗಾಳಿ ಬೆನ್ನಿಗಿದ್ದುದರಿಂದ ವಿಮಾನ ಹದಿನಾಲ್ಕೂವರೆ ತಾಸಿನಲ್ಲಿ, ಮೊದಲಿಗಿಂತ ಸುಮಾರು ಎರಡು ತಾಸು ಮುಂಚೆ, ಮುಟ್ಟಿತು. ಹೋಗುವಾಗ ಪೆಸಿಫಿಕ್ ಮೇಲೆ ಪೂರ್ವಕ್ಕೆ, ಬರುವಾಗ ಅಟ್ಲಾಂಟಿಕ್ ಮೇಲೆ ಮತ್ತೆ ಪೂರ್ವಕ್ಕೆ ಹಾರಿದವನು ಒಂದು ಭೂಪ್ರದಕ್ಷಿಣೆಯನ್ನೇ ಪೂರೈಸಿರುತ್ತಾನೆ. ಪುರಾಣದ ಗಣಪತಿ ಭೂಮಿಯನ್ನು ಸುತ್ತದೆ ತಂದೆ ತಾಯಿಗಳನ್ನು ಸುತ್ತಿ ಗೆದ್ದನು. ನಮ್ಮ ಮಕ್ಕಳು ಭೂಮಿಯನ್ನೇ ಸುತ್ತಿ ಬಂದರೂ ತಂದೆಯ ಸುತ್ತ ಒಂದು ಸಲ ನಡೆಯಲು ಹೊತ್ತು ಸಾಲದೆ ಹೋಗುತ್ತದೆ.

ಇನ್ನು ಕಾಲ ಎಷ್ಟು ಬದಲಾಗಿದೆಯೆಂಬುದನ್ನೂ ನೋಡಬೇಕು. 1932ರ ಅಕ್ಟೋಬರ 15ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ಟಪಾಲಿನ ಪುಟ್ಟ ವಿಮಾನವನ್ನು ತಂದರು. ಅಲ್ಲಿಂದ ಆ ಟಪಾಲು ನಮ್ಮ ಬಳ್ಳಾರಿಯ ಮೇಲೆ ಹಾದು ಮದರಾಸಿಗೆ ಹೋಯಿತು. ಕನ್ನಡ ನೆಲಕ್ಕೆ ವಿಮಾನದ ಟಪಾಲು ಇಳಿದ ಕಥೆ ಅಲ್ಲಿಂದ ತೊಡಗುತ್ತದೆ. 1939ರಲ್ಲಿ ರಾಜಾರಾಮ ಮಹಾರಾಜರ ಕಾಲಕ್ಕೆ ಕೊಲ್ಹಾಪುರಕ್ಕೆ ವಿಮಾನ ನಿಲ್ದಾಣ ಬಂದಿತು. ಮಹಾಯುದ್ಧದ ನಡುವೆ 1942ರಲ್ಲಿ ಬೆಳಗಾವಿಯ ಸಾಂಬ್ರಾದಲ್ಲಿ ಇನ್ನೊಂದು ಆಯಿತು. 1948ರ ಜೂನ್ 8ರಂದು ‘ಮಲಬಾರ್ ಪ್ರಿನ್ಸೆಸ್’ ಎಂಬ ವಿಮಾನ ಮುಂಬಯಿಯಿಂದ ಕೈರೋ, ಜಿನೀವಾಗಳಲ್ಲಿ ಇಳಿದು ಲಂಡನ್ನಿಗೆ ಹೋದಾಗ ಒಂದು ಹಗಲು ಒಂದು ರಾತ್ರಿ ಹಿಡಿಯಿತು. ಅದಕ್ಕೂ ಮೊದಲು ಅದೇ ಪಯಣಕ್ಕೆ ಹಡಗಿನಲ್ಲಿ ವಾರಗಳೇ ಬೇಕಿದ್ದವು. ಈಗ ಸಿಂಗಪುರದಿಂದ ನ್ಯೂಯಾರ್ಕಿಗೆ 15,300 ಕಿಲೋಮೀಟರನ್ನು ಹದಿನೆಂಟು ತಾಸು ಮೀರಿದಷ್ಟು ಹೊತ್ತಿನಲ್ಲಿ ಒಂದೇ ಉಸಿರಿಗೆ ಹಾರುತ್ತಾರೆ. ಹಾರುವ ಕಾಲ ಹೀಗೆ ಕುಗ್ಗಿ ಕುಗ್ಗಿ ಬಂದಿದೆ.

ಆದರೆ ಹಾರದ ಕಾಲ ಕುಗ್ಗಿಲ್ಲ. ಕೆಲವು ಕಡೆ ಬೆಳೆದಿದೆ. ಮನೆಯಿಂದ ನಿಲ್ದಾಣಕ್ಕೆ ಹೋಗುವ ಹೊತ್ತು, ವಿಮಾನ ಹೊರಡುವ ಮೂರು ತಾಸು ಮೊದಲೇ ಹೋಗಿ ತಪಾಸಣೆಯ ಸರದಿಯಲ್ಲಿ ನಿಲ್ಲುವ ಹೊತ್ತು, ನಡುವಿನ ಊರಿನಲ್ಲಿ ಮುಂದಿನ ವಿಮಾನಕ್ಕಾಗಿ ಕಾಯುವ ಹೊತ್ತು, ಇಳಿದ ಮೇಲೆ ಪಾಸ್‌ಪೋರ್ಟ್ ತೋರಿಸಿ ಸಾಮಾನು ಪಡೆದು ಹೊರಬೀಳುವ ಹೊತ್ತು, ಕೊನೆಗೆ ನಮ್ಮ ರಸ್ತೆ. ನಮ್ಮ ಲೆಕ್ಕದಲ್ಲಿ ಆದ ಹತ್ತು ತಾಸಿನ ತಪ್ಪನ್ನು ಬಿಡಿಸಿ ನೋಡಿದ್ದೇವೆ. ವಿಮಾನ ಹತ್ತುವಲ್ಲಿ ಅರ್ಧ ತಾಸು. ಎರಡು ವಿಮಾನಗಳಾದ್ದರಿಂದ ಹಾರಾಟದಲ್ಲಿಯೇ ಮೂರು ತಾಸು. ದುಬೈಯಲ್ಲಿ ಕಾಯ್ದದ್ದು ಐದು ತಾಸು. ಬೆಂಗಳೂರಿನಲ್ಲಿ ಹೊರಬೀಳಲು ಒಂದೂವರೆ ತಾಸು. ಕೂಡಿಸಿದರೆ ಸರಿಯಾಗಿ ಹತ್ತು. ದುಬೈ ಮೇಲೆ ಬಂದುದರಿಂದ ಹೆಚ್ಚಾದ ದೂರ ಸುಮಾರು 1,700 ಕಿಲೋಮೀಟರ್ ಮಾತ್ರ, ಎಂದರೆ ವಿಮಾನಕ್ಕೆ ಎರಡು ತಾಸಿನ ದಾರಿ. ಹತ್ತು ತಾಸುಗಳನ್ನು ನುಂಗಿದ್ದು ದೂರಕ್ಕಿಂತ ಹೆಚ್ಚಾಗಿ ನಿಲುಗಡೆ.

ನಮ್ಮ ಅಜ್ಜಂದಿರಿಗೆ ಈ ತಪ್ಪು ಆಗುತ್ತಿರಲಿಲ್ಲವೆಂದು ಈಗ ಎನಿಸುತ್ತದೆ. ಸವದತ್ತಿ ಎಲ್ಲಮ್ಮನ ಜಾತ್ರೆಗೆ ಚಕ್ಕಡಿ ಹೂಡುವಾಗ ಅವರು ಎಷ್ಟು ಹರದಾರಿಯೆಂದು ಕೇಳುತ್ತಿರಲಿಲ್ಲ. ಎಷ್ಟು ಬುತ್ತಿ ಕಟ್ಟಬೇಕೆಂದು ಕೇಳುತ್ತಿದ್ದರು. ಎತ್ತುಗಳಿಗೆ ನೀರು ಕುಡಿಸುವುದು, ಹೊಳೆಯ ದಂಡೆಯಲ್ಲಿ ವಸ್ತಿ ಮಾಡುವುದು, ಗಾಲಿಯ ಕೀಲಿಗೆ ಎಣ್ಣೆ ಹಾಕುವುದು, ಎಲ್ಲವೂ ಆ ಬುತ್ತಿಯ ಲೆಕ್ಕದಲ್ಲಿ ಅಡಕವಾಗಿರುತ್ತಿತ್ತು. ಅದು ಹೊಸ್ತಿಲಿನಿಂದ ಹೊಸ್ತಿಲಿಗೆ ಹಾಕಿದ ಲೆಕ್ಕ. ನಾವು ನಿಲ್ದಾಣದಿಂದ ನಿಲ್ದಾಣಕ್ಕೆ ಲೆಕ್ಕ ಹಾಕಿ ಅದನ್ನು ಹೊಸ್ತಿಲಿನ ಲೆಕ್ಕವೆಂದು ಹೇಳಿದೆವು. ತಪ್ಪಾದದ್ದು ಇಲ್ಲಿಯೇ.

ಆದ್ದರಿಂದ ಸಮುದ್ರದಾಚೆ ಮಕ್ಕಳಿರುವ ಮನೆಯವರು ಆಪತ್ತು ಬರುವ ಮೊದಲೇ, ಸಮಾಧಾನದ ದಿನಗಳಲ್ಲಿ, ಕೆಲವು ಸಂಗತಿಗಳನ್ನು ತಿಳಿದಿಟ್ಟುಕೊಳ್ಳುವುದು ಒಳ್ಳೆಯದು.

ಮೊದಲನೆಯದು ಗಡಿಯಾರದ ಲೆಕ್ಕ. ಅಮೆರಿಕದ ಪಶ್ಚಿಮ ಕರಾವಳಿಯ ಗಡಿಯಾರ ಚಳಿಗಾಲದಲ್ಲಿ ನಮಗಿಂತ ಹದಿಮೂರೂವರೆ ತಾಸು ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ ತಾಸು ಹಿಂದೆ. ಅಲ್ಲಿಯವರು ಮಾರ್ಚ್ ತಿಂಗಳ ಎರಡನೆಯ ರವಿವಾರ ಗಡಿಯಾರವನ್ನು ಒಂದು ತಾಸು ಮುಂದಿಟ್ಟು, ನವೆಂಬರದ ಮೊದಲ ರವಿವಾರ ಹಿಂದಕ್ಕೆ ತರುತ್ತಾರೆ. ಬಾಯಿಲೆಕ್ಕಕ್ಕೆ ಒಂದು ಸುಲಭ ಉಪಾಯವಿದೆ. ಅಲ್ಲಿಯ ವೇಳೆಯಲ್ಲಿ ಬೆಳಗನ್ನು ಸಂಜೆಯಾಗಿ, ಸಂಜೆಯನ್ನು ಮರುದಿನದ ಬೆಳಗಾಗಿ ತಿರುಗಿಸಿ, ಚಳಿಗಾಲವಾದರೆ ಒಂದೂವರೆ ತಾಸು, ಬೇಸಿಗೆಯಾದರೆ ಅರ್ಧ ತಾಸು ಕೂಡಿಸಬೇಕು. ನಮ್ಮ ನೆರೆಯ ಮಗನಿಗೆ ಸುದ್ದಿ ಮುಟ್ಟಿದ್ದು ಅಲ್ಲಿಯ ಮಂಗಳವಾರ ನಸುಕಿನ ನಾಲ್ಕೂವರೆಗೆ. ತಿರುಗಿಸಿದರೆ ಸಂಜೆ ನಾಲ್ಕೂವರೆ. ಒಂದೂವರೆ ತಾಸು ಕೂಡಿಸಿದರೆ ನಮ್ಮ ಆರು ಗಂಟೆ. ಅವನ ವಿಮಾನ ಎದ್ದದ್ದು ಅಲ್ಲಿಯ ಮಂಗಳವಾರ ಸಂಜೆ ನಾಲ್ಕಕ್ಕೆ. ತಿರುಗಿಸಿದರೆ ಬುಧವಾರ ಬೆಳಗಿನ ನಾಲ್ಕು, ಕೂಡಿಸಿದರೆ ಐದೂವರೆ. ತಿಕೀಟಿನ ಮೇಲೆ ಆಯಾ ಊರಿನ ವೇಳೆಯನ್ನೇ ಮುದ್ರಿಸಿರುತ್ತಾರೆ. ಇಳಿಯುವ ವೇಳೆಯಿಂದ ಹೊರಡುವ ವೇಳೆಯನ್ನು ಕಳೆದು ಪಯಣದ ಕಾಲವೆಂದು ತಿಳಿದರೆ ಅರ್ಧ ದಿನಕ್ಕೂ ಮಿಕ್ಕಿ ತಪ್ಪಾಗುತ್ತದೆ. ಮೊದಲು ಎಲ್ಲವನ್ನೂ ನಮ್ಮ ವೇಳೆಗೆ ತಿರುಗಿಸಿ, ಅನಂತರ ಕೂಡುವುದು ಕಳೆಯುವುದು.

ಎರಡನೆಯದು ನೆಲದ ಲೆಕ್ಕ. ನಮ್ಮವರಿಗೆ ವಿಮಾನವೆಂದರೆ ಬೆಂಗಳೂರು. ಭಾಷೆಯ ಸೆಳೆತ ಅದು, ತಪ್ಪೇನಲ್ಲ. ಆದರೆ ಬೆಂಗಳೂರಿನಿಂದ ಗಡಹಿಂಗ್ಲಜಕ್ಕೆ ರಸ್ತೆಯಿಂದ ಸುಮಾರು 570 ಕಿಲೋಮೀಟರ್. ಮುಂಬಯಿಯಿಂದ ಸುಮಾರು 440. ಭಾಷೆಯಿಂದ ಬೆಂಗಳೂರು ಹತ್ತಿರ, ರಸ್ತೆಯಿಂದ ಮುಂಬಯಿ ಹತ್ತಿರ. ಗಡಿನಾಡಿನವರ ಹಣೆಬರಹವೇ ಹಾಗೆ! ಬೆಳಗಾವಿಯ ಸಾಂಬ್ರಾ, ಕೊಲ್ಹಾಪುರದ ಉಜಳಾಯವಾಡಿ, ಈ ಎರಡೂ ನಿಲ್ದಾಣಗಳು ನಮಗೆ ಒಂದೂವರೆ ಎರಡು ತಾಸಿನ ದಾರಿಯಲ್ಲಿವೆ. 2023ರ ಜನವರಿಯಿಂದ ಗೋವೆಯ ಮೋಪಾ ನಿಲ್ದಾಣವೂ ತೆರೆದಿದೆ. ಆಜರಾ, ಆಂಬೋಲಿ ಘಟ್ಟದ ಮೇಲೆ ನೂರು ಕಿಲೋಮೀಟರ್ ಚಿಲ್ಲರೆ. ದೊಡ್ಡ ನಿಲ್ದಾಣದಲ್ಲಿ ಇಳಿದವನಿಗೆ ಈ ಚಿಕ್ಕ ನಿಲ್ದಾಣಗಳ ವಿಮಾನ ಹೊಂದಿದರೆ ಆರೇಳು ತಾಸು ಉಳಿಯಬಹುದು. ಹೊಂದದಿದ್ದರೆ ಕಾಯುತ್ತ ಕುಳಿತು ಅಷ್ಟನ್ನೇ ಕಳೆದುಕೊಳ್ಳಬಹುದು. ದಿನವೂ ಇದೆಯೇ, ಯಾವ ಹೊತ್ತಿಗೆ ಇದೆ ಎಂದು ಆ ದಿನದ ಮಟ್ಟಿಗೆ ವಿಚಾರಿಸಿಯೇ ನಂಬತಕ್ಕದ್ದು.

ಮೂರನೆಯದು ಮಾತಿನ ಲೆಕ್ಕ. ದೂರದಲ್ಲಿರುವ ಮಕ್ಕಳೇ, ನೀವು ಈ ಪತ್ರಿಕೆಯನ್ನು ಅಲ್ಲಿ ತರಿಸಿ ಓದುತ್ತಿದ್ದರೆ ಈ ಒಂದು ಮಾತನ್ನು ನಡೆಸಿಕೊಡಿರಿ. ಹಾದಿಯಲ್ಲಿ ಸುದ್ದಿ ಕಳಿಸುವಾಗ ‘ಹೊರಟೆ’, ‘ಇಳಿದೆ’ ಎಂಬ ಒಂಟಿ ಶಬ್ದ ಕಳಿಸಬೇಡಿರಿ. ಯಾವ ಊರಿನಲ್ಲಿ ಇಳಿದಿರಿ, ಮುಂದಿನ ವಿಮಾನ ಭಾರತದ ವೇಳೆಯಂತೆ ಎಷ್ಟಕ್ಕೆ, ಮನೆಯ ಬಾಗಿಲಿಗೆ ಎಷ್ಟು ಹೊತ್ತಿಗೆ ಬರಬಹುದು ಎಂಬ ಮೂರನ್ನೂ ತಿಳಿಸಿರಿ. ನಿಮ್ಮ ಎದೆಯ ಸಂಕಟದಲ್ಲಿ ಇಷ್ಟು ಬರೆಯುವುದು ಕಷ್ಟವೆಂದು ಬಲ್ಲೆವು. ಇಲ್ಲಿ ಕಾಯುವವರೂ ಸಂಕಟದಲ್ಲಿಯೇ ಇರುತ್ತಾರೆ. ಸಂಕಟದಲ್ಲಿರುವವರು ತಮಗೆ ಬೇಕಾದ ಅರ್ಥವನ್ನೇ ಓದಿಕೊಳ್ಳುತ್ತಾರೆ.

ನಾಲ್ಕನೆಯದನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಬರೆಯಬೇಕು. ಎಷ್ಟು ಸರಿಯಾದ ಲೆಕ್ಕ ಹಾಕಿದರೂ ಕೆಲವು ಸಲ ಮಕ್ಕಳು ಮಣ್ಣಿಗೆ ಸಿಗುವುದಿಲ್ಲ. ಮುಟ್ಟಲಾರದ ಹೊತ್ತೆಂದು ಲೆಕ್ಕ ಹೇಳಿದರೆ ಅದನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುವುದು ದಯೆ. ಅಂದು ನಾವು, ‘ಗುರುವಾರ ಸಂಜೆಗಿಂತ ಮೊದಲು ಬರಲಾರ’ ಎಂದು ಹೇಳಿದ್ದರೆ ಆ ಮನೆಯವರು ಎರಡರಲ್ಲಿ ಒಂದನ್ನು ತಿಳಿದು ಆರಿಸಿಕೊಳ್ಳುತ್ತಿದ್ದರು. ಶೀತಪೆಟ್ಟಿಗೆಯನ್ನು ಇನ್ನೊಂದು ದಿನಕ್ಕೆ ಹೇಳಿ ಕಾಯುತ್ತಿದ್ದರು. ಇಲ್ಲವೆ ಬುಧವಾರವೇ ಕಾರ್ಯ ಮುಗಿಸಿ, ಮಗನಿಗೆ ನಿಧಾನವಾಗಿ ಬಾರೆಂದು ಹೇಳಿ, ಅವನಿಗಾಗಿ ಬೇರೊಂದು ದಿನವನ್ನು ಕಾದಿರಿಸುತ್ತಿದ್ದರು. ನಮ್ಮ ತಪ್ಪು ಲೆಕ್ಕ ಅವರಿಂದ ಎರಡನ್ನೂ ಕಸಿದುಕೊಂಡಿತು. ಕಾಯ್ದದ್ದೂ ಆಯಿತು, ಸಿಗದೆ ಹೋದದ್ದೂ ಆಯಿತು.

ಆ ಸಂಜೆ ಮಗ ಬಂದವನು ಕೈಕಾಲು ತೊಳೆದು, ಲಾಂದ್ರ ಹಿಡಿದ ಅಳಿಯನೊಡನೆ ಹೊಲದ ಗದ್ದುಗೆಗೆ ಹೋಗಿ ಒಂದು ಹಿಡಿ ಮಣ್ಣು ಹಾಕಿ ಬಂದನು. ಅಂಗಳದಲ್ಲಿ ನಮ್ಮನ್ನು ಕಂಡು ಕಾಲು ಮುಟ್ಟಿ ನಮಸ್ಕರಿಸಿದ. ಲೆಕ್ಕ ಹಾಕಿದವರು ಯಾರೆಂಬುದು ಅವನಿಗೆ ಗೊತ್ತಿತ್ತೋ ಇಲ್ಲವೋ, ನಾವೂ ಹೇಳಲಿಲ್ಲ. ಈ ಲೇಖನವನ್ನು ಅಚ್ಚಿಗೆ ಕಳಿಸುವ ಮೊದಲು ಆ ತಾಯಿಗೆ ಓದಿ ತೋರಿಸಿದೆವು. ತಮ್ಮ ಮನೆಯ ಹೆಸರು ಬರೆಯಬೇಡಿರೆಂದಷ್ಟೇ ಅವರು ಹೇಳಿದರು. ‘ಮಂದಿಗೆ ಉಪಯೋಗ ಆಗ್ಲಿ’ ಎಂದರು. ಈಗ ಅವರ ಮನೆಯ ದಿನದರ್ಶಿಕೆಯ ಪಕ್ಕದಲ್ಲಿ ನಾವು ಬರೆದುಕೊಟ್ಟ ಒಂದು ಹಾಳೆ ಅಂಟಿಸಿದೆ: ಮಗನ ಊರಿನ ವೇಳೆ, ನಮ್ಮ ವೇಳೆ, ನಾಲ್ಕು ನಿಲ್ದಾಣಗಳಿಂದ ಮನೆಗೆ ತಗಲುವ ತಾಸುಗಳು. ಅಂಥದೊಂದು ಹಾಳೆಯನ್ನು ತಾವೂ ಬರೆದು ಅಂಟಿಸಿಕೊಳ್ಳಬೇಕೆಂದು ನಮ್ಮ ವಿನಂತಿ.

ಶಾಲೆಯಲ್ಲಿ ರೈಲುಗಾಡಿಯ ಲೆಕ್ಕವನ್ನು ನಾವು ಇಂದಿಗೂ ಕಲಿಸುತ್ತೇವೆ. ಅದು ಪರೀಕ್ಷೆಗೆ ಬೇಕು. ಐದು ತಾಸೆಂದು ಉತ್ತರ ಬಂದ ಮೇಲೆ ಈಗ ಇನ್ನೊಂದು ಪ್ರಶ್ನೆ ಕೇಳುತ್ತೇವೆ: ಆ ಪ್ರಯಾಣಿಕನ ಮನೆಗೆ ಸ್ಟೇಶನ್ನಿನಿಂದ ಎಷ್ಟು ದೂರ, ಆ ಹೊತ್ತಿನಲ್ಲಿ ಬಸ್ಸು ಇದೆಯೇ? ಮಕ್ಕಳು ಒಬ್ಬೊಬ್ಬರು ಒಂದೊಂದು ಉತ್ತರ ಹೇಳುತ್ತಾರೆ, ಯಾಕೆಂದರೆ ಒಬ್ಬೊಬ್ಬರ ಮನೆಯೂ ಒಂದೊಂದು ಕಡೆಗಿದೆ. ಎಲ್ಲ ಉತ್ತರಗಳಿಗೂ ನಾವು ಕೆಂಪು ಗುರುತು ಹಾಕುತ್ತೇವೆ.